ಹಳೆಯ ಯೆಜ್ಡಿಗೆ ಬೇರೆ ಕಾರ್ಬುರೇಟರ್: ಮೈಲೇಜ್ ಆಸೆಗೆ ಪಿಸ್ಟನ್ ಬಲಿಯಾಗದಿರಲಿ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. 1961ರಿಂದ ಅಲ್ಲಿ ತಯಾರಾಗಿ ಹೊರಬಂದ ಜಾವಾ ಮತ್ತು ಯೆಜ್ಡಿ ಬೈಕುಗಳು ಮಾತ್ರ ರಾಜ್ಯದ ರಸ್ತೆಗಳಿಂದ ಇಂದಿಗೂ ಮರೆಯಾಗಿಲ್ಲ. ಅಪ್ಪ ಓಡಿಸುತ್ತಿದ್ದ ಬೈಕನ್ನು ಮಗ ಹಿತ್ತಿಲಿನಿಂದ ಹೊರತೆಗೆದು, ಬಣ್ಣ ಬಳಿಸಿ, ಕ್ರೋಮಿಯಂ ಹೊಳಪು ಕೊಡಿಸಿ ಮತ್ತೆ ರಸ್ತೆಗಿಳಿಸುವುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಹೊಸ ಸಂಗತಿಯೇನಲ್ಲ. ಇದೇ ಹೆಸರುಗಳಲ್ಲಿ 2018 ಮತ್ತು 2022ರಲ್ಲಿ ಮಾರುಕಟ್ಟೆಗೆ ಬಂದ ಹೊಸ ಬೈಕುಗಳಿಗೂ ಈ ಹಳೆಯ ಎರಡು ಸ್ಟ್ರೋಕಿನ ಎಂಜಿನ್ನಿಗೂ ಒಳಗೆ ಯಾವ ನಂಟೂ ಇಲ್ಲ. ಅವುಗಳಲ್ಲಿ ಕಾರ್ಬುರೇಟರ್ ಎಂಬುದೇ ಇಲ್ಲ. ಹಳೆಯದರಲ್ಲಿ ಎಲ್ಲವೂ ಅದರ ಮೇಲೆಯೇ ನಿಂತಿದೆ.

ತೊಡಕು ಆರಂಭವಾಗುವುದೂ ಅಲ್ಲಿಯೇ. ಈ ಬೈಕುಗಳಿಗೆ ಮೂಲದಲ್ಲಿ ಅಳವಡಿಸುತ್ತಿದ್ದುದು ಜೆಕ್ ಮೂಲದ ಜಿಕೋವ್ ಕಾರ್ಬುರೇಟರ್. ಸರಳವಾದ, ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಸಾಧನ. ಮೂರ್ನಾಲ್ಕು ದಶಕ ಉಜ್ಜಿದ ಬಳಿಕ ಅದರೊಳಗಿನ ಸ್ಲೈಡ್ ಸಡಿಲಗೊಂಡು ಲಟಲಟನೆ ಅಲುಗಾಡುತ್ತದೆ. ಫ್ಲೋಟಿನ ಸೂಜಿ ಸರಿಯಾಗಿ ಕೂರದೆ ಪೆಟ್ರೋಲು ತೊಟ್ಟಿಕ್ಕುತ್ತದೆ. ಐಡ್ಲಿಂಗ್ ಎಂಬುದು ಕನಸಾಗುತ್ತದೆ. ಒಳ್ಳೆಯ ಸ್ಥಿತಿಯ ಮೂಲ ಜಿಕೋವ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯನ್ನು ಎರಡು ಸಲ ಸುತ್ತಿದ ಮಾಲೀಕ ಕೊನೆಗೆ ಬೇಸತ್ತು ಬೇರೆ ಬೈಕಿನ ಕಾರ್ಬುರೇಟರ್ ಹಾಕಿಸಲು ಒಪ್ಪಿಕೊಳ್ಳುತ್ತಾನೆ. ಹೆಚ್ಚಿನ ಸಲ ಅದು ಮಿಕ್‌ಕಾರ್ಬ್. ಜಪಾನಿನ ಮಿಕುನಿ ಸಂಸ್ಥೆಯ ಸಹಯೋಗದಲ್ಲಿ ಚೆನ್ನೈ ಬಳಿಯ ಯುಕಾಲ್ ಕಂಪನಿ ತಯಾರಿಸಿದ, ಬುಲೆಟ್‌ನಿಂದ ಆರ್‌ಎಕ್ಸ್ 100ರವರೆಗೆ ಹತ್ತಾರು ಬೈಕುಗಳಲ್ಲಿ ಬಳಕೆಯಾದ ಕಾರ್ಬುರೇಟರ್ ಅದು. ಗಟ್ಟಿಮುಟ್ಟಾಗಿದೆ, ಬಿಡಿಭಾಗ ಸಿಗುತ್ತವೆ, ಯಾವ ಮೆಕ್ಯಾನಿಕ್‌ಗೂ ಹೊಸತಲ್ಲ.

ಹಾಕಿಸಿದ ದಿನ ಎಲ್ಲವೂ ಸೊಗಸಾಗಿಯೇ ಇರುತ್ತದೆ. ಒಂದೇ ಕಿಕ್ಕಿಗೆ ಎಂಜಿನ್ ಚಾಲೂ. ಜೋಡಿ ಸೈಲೆನ್ಸರ್‌ಗಳಿಂದ ಹೊಗೆ ಕಡಿಮೆ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಹೆಚ್ಚು ಮೈಲೇಜ್ ಬಂದರಂತೂ ಮಾಲೀಕನ ಸಂತೋಷಕ್ಕೆ ಪಾರವಿಲ್ಲ. ಹತ್ತಾರು ದಿನಗಳ ನಂತರ ಹೆದ್ದಾರಿಯಲ್ಲಿ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವಾಗ ಎಂಜಿನ್ ಒಮ್ಮೆಗೇ ಬಿಗಿದುಕೊಂಡು ಹಿಂದಿನ ಚಕ್ರ ನಿಂತುಬಿಡುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದು ‘ಪಿಸ್ಟನ್ ಜಾಮ್’. ಕ್ಲಚ್ ಹಿಡಿಯಲು ಅರೆಕ್ಷಣ ತಡವಾದರೆ ಸವಾರ ನೆಲಕ್ಕೆ. ಆಯಿಲ್ ಸರಿಯಿರಲಿಲ್ಲ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಪಿಸ್ಟನ್ ನಕಲಿಯಾಗಿತ್ತು ಎಂದು ಮಾಲೀಕ ಶಂಕಿಸುತ್ತಾನೆ. ಇಬ್ಬರಿಗೂ ಮೆಚ್ಚುಗೆಯಾಗಿದ್ದ ಆ ಹೆಚ್ಚುವರಿ ಮೈಲೇಜೇ ಎಚ್ಚರಿಕೆಯ ಗಂಟೆಯಾಗಿತ್ತು ಎಂಬುದು ಬಹುಪಾಲು ಪ್ರಕರಣಗಳಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಪೆಟ್ರೋಲು ಬರೀ ಇಂಧನವಲ್ಲ

ಎಂಜಿನ್ ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಆ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಸೂಕ್ಷ್ಮ ಹನಿಗಳಾಗಿ ಬೆರೆಸಿ ಕೊಡುವುದು ಕಾರ್ಬುರೇಟರಿನ ಕೆಲಸ. ರಾಸಾಯನಿಕ ಲೆಕ್ಕದಲ್ಲಿ ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿಯಿಂದಲೇ ತಂಪಾಗಬೇಕಾದ ಹಳೆಯ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಓಡುವಾಗ ಇದಕ್ಕಿಂತ ತುಸು ಹೆಚ್ಚು ಪೆಟ್ರೋಲನ್ನು, ಅಂದರೆ 13 ಕಿಲೋ ಗಾಳಿಗೆ ಒಂದು ಕಿಲೋದ ಆಸುಪಾಸಿನ ಮಿಶ್ರಣವನ್ನು ಬೇಡುತ್ತದೆ. ಪೆಟ್ರೋಲು ಅಗತ್ಯಕ್ಕಿಂತ ಕಡಿಮೆಯಾದರೆ ಅದು ಬಡ ಮಿಶ್ರಣ, ಮೆಕ್ಯಾನಿಕರ ಮಾತಿನಲ್ಲಿ ‘ಲೀನ್’. ಹೆಚ್ಚಾದರೆ ಸಮೃದ್ಧ ಮಿಶ್ರಣ, ಅಂದರೆ ‘ರಿಚ್’.

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಆಯಿಲ್ ಕೆಳಗಿನ ಸಂಪಿನಲ್ಲಿ ಬೇರೆಯಾಗಿಯೇ ಇರುತ್ತದೆ. ಯೆಜ್ಡಿಯ ಕಥೆ ಹಾಗಲ್ಲ. ಲೀಟರಿಗೆ 30ರಿಂದ 40 ಮಿಲಿಲೀಟರ್ ಟೂ ಟಿ ಆಯಿಲನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಟ್ಯಾಂಕಿಗೆ ಹಾಕಲಾಗುತ್ತದೆ. ಕ್ರ್ಯಾಂಕಿನ ಬೇರಿಂಗು, ಪಿಸ್ಟನ್, ಸಿಲಿಂಡರ್ ಗೋಡೆ ಎಲ್ಲಕ್ಕೂ ಜಿಡ್ಡು ತಲುಪಬೇಕಾದುದು ಆ ಪೆಟ್ರೋಲಿನ ಜೊತೆಗೇ. ಹೀಗಾಗಿ ಜೆಟ್ಟಿನ ಮೂಲಕ ಪೆಟ್ರೋಲು ಕಡಿಮೆ ಬಂತೆಂದರೆ ಮೂರು ಕೊರತೆಗಳು ಒಟ್ಟಿಗೇ ಬಂದಂತೆ. ಉರಿ ಬಿಸಿಯಾಗುತ್ತದೆ, ಆವಿಯಾಗುತ್ತಾ ತಂಪು ನೀಡಬೇಕಿದ್ದ ದ್ರವ ಕಡಿಮೆಯಾಗುತ್ತದೆ, ಜಿಡ್ಡೂ ಕಡಿಮೆಯಾಗುತ್ತದೆ. ಹಿಗ್ಗಿದ ಅಲ್ಯೂಮಿನಿಯಂ ಪಿಸ್ಟನ್ ಬೀಡುಕಬ್ಬಿಣದ ಸಿಲಿಂಡರಿಗೆ ಕಚ್ಚಿಕೊಳ್ಳುವುದು ಆಗಲೇ.

ಆಯಿಲ್ ಹೆಚ್ಚು ಹಾಕಿದರೆ ಸುರಕ್ಷಿತ ಎಂಬ ನಂಬಿಕೆ ಇನ್ನೂ ವ್ಯಾಪಕವಾಗಿದೆ. ಜೆಟ್ಟಿನ ರಂಧ್ರದ ಗಾತ್ರ ಬದಲಾಗದು. ಅದರ ಮೂಲಕ ಹಾಯುವ ದ್ರವದಲ್ಲಿ ಆಯಿಲ್ ಪಾಲು ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಇಳಿಯುತ್ತದೆ; ದಪ್ಪನಾದ ದ್ರವ ನಿಧಾನವಾಗಿಯೂ ಹರಿಯುತ್ತದೆ. ಪರಿಣಾಮವಾಗಿ ಮಿಶ್ರಣ ಮತ್ತಷ್ಟು ಬಡವಾಗುತ್ತದೆ. ಭಯದಿಂದ ಸುರಿದ ಆಯಿಲೇ ಬಿಸಿಗೆ ಕಾರಣವಾಗುವ ವಿಪರ್ಯಾಸ ಇದು.

ಮೈ ಒಂದೇ, ಒಳಗು ಬೇರೆ

ಯೆಜ್ಡಿ 250ರ ಎಂಜಿನ್ 248.5 ಸಿಸಿ. ಬುಲೆಟ್ 350ರದು 346 ಸಿಸಿ. ದೊಡ್ಡ ಬೈಕಿನ ಕಾರ್ಬುರೇಟರ್ ಚಿಕ್ಕದಕ್ಕೆ ಧಾರಾಳವಾಗಿಯೇ ಆಗಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಬುಲೆಟ್ಟಿನದು ನಾಲ್ಕು ಸ್ಟ್ರೋಕ್. ಕ್ರ್ಯಾಂಕಿನ ಎರಡು ಸುತ್ತಿಗೆ ಒಮ್ಮೆ ಮಾತ್ರ ಅದು ಉಸಿರೆಳೆಯುತ್ತದೆ. ಯೆಜ್ಡಿ ಪ್ರತಿ ಸುತ್ತಿಗೂ ಎಳೆಯುತ್ತದೆ. ಎಳೆಯುವ ಗತಿ ಬೇರೆಯಾದ್ದರಿಂದ ಒಳಗಿನ ಜೆಟ್ಟುಗಳೂ, ನೀಡಲ್ ಓಡಾಡುವ ನೀಡಲ್ ಜೆಟ್ಟಿನ ವಿನ್ಯಾಸವೂ ಬೇರೆ. ಮಿಕುನಿಯ ವಿಎಂ ಸರಣಿಯಲ್ಲಿ ನಾಲ್ಕು ಸ್ಟ್ರೋಕಿನವಕ್ಕೆ ಬದಿಯಲ್ಲಿ ಸಾಲು ರಂಧ್ರಗಳಿರುವ ನೀಡಲ್ ಜೆಟ್ಟನ್ನೂ, ಪಿಸ್ಟನ್ನೇ ದ್ವಾರ ತೆರೆದು ಮುಚ್ಚುವ ಎರಡು ಸ್ಟ್ರೋಕಿನವಕ್ಕೆ ಅಂಥ ಸಾಲು ರಂಧ್ರಗಳಿಲ್ಲದ ಬೇರೊಂದು ಬಗೆಯನ್ನೂ ಬಳಸುವುದು ರೂಢಿ. ಹೊರಗಿನಿಂದ ನೋಡಿದರೆ ಎರಡೂ ಕಾರ್ಬುರೇಟರ್ ಅವಳಿಜವಳಿಯಂತಿರುತ್ತವೆ. ಬಿಚ್ಚಿ ನೋಡದೆ ಕೊಂಡವನಿಗೆ ವ್ಯತ್ಯಾಸ ತಿಳಿಯುವುದು ಪಿಸ್ಟನ್ ಕಚ್ಚಿದ ಮೇಲೆಯೇ.

ಆರ್‌ಎಕ್ಸ್ 100ರ ಕಾರ್ಬುರೇಟರ್ ಎರಡು ಸ್ಟ್ರೋಕಿನದೇ ನಿಜ. ಆದರೆ ಅದು 98 ಸಿಸಿ ಎಂಜಿನ್ನಿಗೆ ಅಳೆದು ಮಾಡಿದ್ದು. ಯೆಜ್ಡಿಗೆ ಅದರ ಕಿರಿದಾದ ಬಾಯಿ ಮೂಗು ಹಿಡಿದು ಓಡಿಸಿದಂತೆ. ಊರೊಳಗೆ ಚೆನ್ನಾಗಿಯೇ ಓಡೀತು, ಮೈಲೇಜೂ ಕೊಟ್ಟೀತು. ಹೆದ್ದಾರಿಯಲ್ಲಿ ಗಾಳಿಯೂ ಸಾಲದು, ಅದರ ಮೂಲ ಮೇನ್ ಜೆಟ್ಟಿನಿಂದ ಪೆಟ್ರೋಲೂ ಸಾಲದು. ಇದಕ್ಕೆ ತದ್ವಿರುದ್ಧವಾಗಿ, ಬಾಯಿ ದೊಡ್ಡದಾದಷ್ಟೂ ವೇಗ ಹೆಚ್ಚು ಎಂದು ಭಾರೀ ಗಾತ್ರದ್ದನ್ನು ತಂದು ಹಾಕುವವರೂ ಇದ್ದಾರೆ. ಅಗಲವಾದ ದಾರಿಯಲ್ಲಿ ಗಾಳಿಯ ವೇಗ ಕುಸಿಯುತ್ತದೆ, ಪೆಟ್ರೋಲನ್ನು ಮೇಲೆಳೆಯುವ ಸೆಳೆತ ತಗ್ಗುತ್ತದೆ, ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಬೈಕು ಮುಗ್ಗರಿಸುತ್ತದೆ. ಕಾರ್ಖಾನೆ ತನ್ನ ಮಾದರಿಗೆ ಯಾವ ಅಳತೆ ಕೊಟ್ಟಿತ್ತೋ ಅದರ ಹತ್ತಿರದಲ್ಲಿಯೇ ಉಳಿಯುವುದು ಜಾಣತನ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ನಕಲಿ ಮಿಕುನಿಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಜೆಟ್ಟಿನ ಮೇಲೆ ಕೊರೆದ ಸಂಖ್ಯೆಗೂ ಒಳಗಿನ ರಂಧ್ರಕ್ಕೂ ಸಂಬಂಧವಿರುತ್ತದೆಂಬ ಖಾತರಿ ಅಲ್ಲಿಲ್ಲ. ಅಸಲಿಯಲ್ಲಿಯೂ ಒಂದು ಕಂಪನಿಯ 100 ಇನ್ನೊಂದು ಕಂಪನಿಯ 100 ಅಲ್ಲ. ಜಿಕೋವ್‌ನಲ್ಲಿದ್ದ ಸಂಖ್ಯೆಯನ್ನೇ ಮಿಕ್‌ಕಾರ್ಬಿಗೂ ಹುಡುಕುವುದು ವ್ಯರ್ಥ.

ಟ್ಯೂನಿಂಗಿಗೆ ಮೊದಲು

ಕಾರ್ಬುರೇಟರಿನ ಮೇಲೆ ಹೊರಿಸುವ ಅಪವಾದಗಳಲ್ಲಿ ಅರ್ಧಕ್ಕರ್ಧ ಅದರದಲ್ಲ. ಜಿಕೋವ್ ಇದ್ದ ಜಾಗದಲ್ಲಿ ಮಿಕ್‌ಕಾರ್ಬ್ ಕೂರಿಸಲು ನಡುವೆ ಒಂದು ಅಡಾಪ್ಟರ್ ಬೇಕಾಗುತ್ತದೆ. ಲೇತಿನಲ್ಲಿ ತಿರುಗಿಸಿದ ಈ ತುಂಡು, ಅದರ ಗ್ಯಾಸ್ಕೆಟ್, ರಬ್ಬರ್ ಇವುಗಳಲ್ಲಿ ಎಲ್ಲಿಯಾದರೂ ಕೂದಲೆಳೆಯಷ್ಟು ಸಂದಿಯಿದ್ದರೂ ಅಲ್ಲಿಂದ ಗಾಳಿ ಕಳ್ಳದಾರಿಯಲ್ಲಿ ಒಳನುಗ್ಗುತ್ತದೆ. ಆಗ ಯಾವ ಸ್ಕ್ರೂ ತಿರುಗಿಸಿದರೂ ಐಡ್ಲಿಂಗ್ ನಿಲ್ಲದು. ಆಕ್ಸಲರೇಟರ್ ಬಿಟ್ಟರೂ ಎಂಜಿನ್ ಕೆಲ ಕ್ಷಣ ಕಿರುಚುತ್ತಲೇ ಇರುತ್ತದೆ. ಎಂಜಿನ್ ಚಾಲೂ ಇರುವಾಗ ಜೋಡಣೆಯ ಸುತ್ತ ಸೋಪಿನ ನೀರನ್ನು ಸಿಂಪಡಿಸಿದರೆ ಸದ್ದು ಬದಲಾಗುತ್ತದೆಯೇ ಎಂದು ನೋಡುವುದು ಹಳೆಯ, ಸುರಕ್ಷಿತ ಪರೀಕ್ಷೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಚಿಮುಕಿಸಿ ನೋಡುವ ಗ್ಯಾರೇಜ್ ಪದ್ಧತಿಯನ್ನು ದೂರವಿಡುವುದೇ ಒಳಿತು.

ಇದೇ ರೋಗಲಕ್ಷಣ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದಾಗಲೂ ಕಾಣಿಸುತ್ತದೆ. ಎರಡು ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೋಣೆಯೇ ಗಾಳಿ ಎಳೆಯುವ ಪಂಪು. ಡೈನಮೋ ಬದಿಯ ಸೀಲ್ ಹೋದರೆ ಅದು ಹೊರಗಿನ ಗಾಳಿಯನ್ನೇ ಎಳೆದುಕೊಂಡು ಮಿಶ್ರಣವನ್ನು ಬಡವಾಗಿಸುತ್ತದೆ. ಕ್ಲಚ್ ಬದಿಯದು ಹೋದರೆ ಗೇರ್ ಆಯಿಲನ್ನೇ ಹೀರಿ ದಟ್ಟ ಬಿಳಿ ಹೊಗೆ ಬಿಡುತ್ತದೆ. ಸೈಲೆನ್ಸರಿನ ಒಳಗಿನ ಬ್ಯಾಫಲ್ ಕರಿ ಕಟ್ಟಿದ್ದರೆ, ಏರ್ ಫಿಲ್ಟರ್ ಮುಚ್ಚಿಕೊಂಡಿದ್ದರೆ, ಪಾಯಿಂಟಿನ ಅಂತರ ತಪ್ಪಿ ಇಗ್ನಿಷನ್ ಕಾಲ ಏರುಪೇರಾಗಿದ್ದರೆ ಕಾರ್ಬುರೇಟರ್ ಮುಟ್ಟುವುದರಿಂದ ಪ್ರಯೋಜನವಿಲ್ಲ. ಅವು ಸರಿಯಾದ ಬಳಿಕವೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಕು. ಸದ್ದಿನ ಮೋಜಿಗೆ ಫಿಲ್ಟರನ್ನೇ ಕಿತ್ತೆಸೆದವರು ಗಾಳಿ ಹೆಚ್ಚಾದುದಕ್ಕೆ ಜೆಟ್ಟನ್ನೂ ಹಿಗ್ಗಿಸಬೇಕಾಗುತ್ತದೆ, ಜೊತೆಗೆ ರಸ್ತೆಯ ಧೂಳು ಸಿಲಿಂಡರನ್ನು ಉಜ್ಜುವುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಫ್ಲೋಟಿನ ಎತ್ತರ ಇನ್ನೊಂದು ತಳಪಾಯ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ತಗ್ಗಿದ್ದರೆ ಎಲ್ಲ ವೇಗಗಳಲ್ಲಿಯೂ ಮಿಶ್ರಣ ಬಡವಾಗಿರುತ್ತದೆ, ಏರಿದ್ದರೆ ಎಲ್ಲೆಡೆ ಸಮೃದ್ಧ. ಅಡಿಪಾಯ ವಾಲಿದ ಮನೆಗೆ ಬಾಗಿಲು ಕೂರಿಸಿದಂತೆ, ಇದನ್ನು ಸರಿಪಡಿಸದೆ ಜೆಟ್ ಬದಲಿಸುತ್ತ ಹೋದರೆ ಕೊನೆಯೇ ಇಲ್ಲ.

ಮೇಲಿನಿಂದ ಕೆಳಕ್ಕೆ

ನಮ್ಮ ಗ್ಯಾರೇಜುಗಳಲ್ಲಿ ‘ಟ್ಯೂನಿಂಗ್’ ಎಂದರೆ ಬೈಕನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪಕ್ಕದ ಪುಟ್ಟ ಹಿತ್ತಾಳೆ ಸ್ಕ್ರೂವನ್ನು ಅತ್ತಿತ್ತ ತಿರುಗಿಸಿ, ಸದ್ದು ಕಿವಿಗೆ ಹಿತವಾದಾಗ ನಿಲ್ಲಿಸುವುದು. ಆ ಸ್ಕ್ರೂ ಆಳುವುದು ಐಡ್ಲಿಂಗ್ ಮತ್ತು ಅದರ ಮೇಲಿನ ಸ್ವಲ್ಪ ವ್ಯಾಪ್ತಿಯನ್ನು ಮಾತ್ರ. ಪಿಸ್ಟನ್ ಕಚ್ಚುವುದು ಅಲ್ಲಲ್ಲ, ಹೆದ್ದಾರಿಯಲ್ಲಿ. ಅಲ್ಲಿ ಆ ಸ್ಕ್ರೂವಿಗೆ ಬಹುತೇಕ ಏನೂ ಅಧಿಕಾರವಿಲ್ಲ.

ಆಕ್ಸಲರೇಟರನ್ನು ಎಷ್ಟು ತಿರುಗಿಸಲಾಗಿದೆ ಎಂಬುದರ ಮೇಲೆ ಕಾರ್ಬುರೇಟರಿನ ಬೇರೆ ಬೇರೆ ಭಾಗಗಳು ಕೆಲಸಕ್ಕೆ ಬರುತ್ತವೆ. ಮೊದಲ ಕಾಲು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಅರ್ಧದತ್ತ ಸಾಗುವಾಗ ಸ್ಲೈಡಿನ ತಳದ ಓರೆ ಕಡಿತ. ಕಾಲಿನಿಂದ ಮುಕ್ಕಾಲರವರೆಗೆ ನೀಡಲ್. ಮುಕ್ಕಾಲರಿಂದ ಪೂರ್ತಿಯವರೆಗೆ ಮೇನ್ ಜೆಟ್. ಒಂದರ ಗಡಿಯೊಳಗೆ ಇನ್ನೊಂದು ಚಾಚಿಕೊಂಡಿರುತ್ತದೆ. ಹೀಗಾಗಿ ಅನುಭವಿಗಳು ಆಕ್ಸಲರೇಟರ್ ಹಿಡಿಯ ಮೇಲೊಂದು ಟೇಪಿನ ತುಂಡು ಅಂಟಿಸಿ ಕಾಲು, ಅರ್ಧ, ಮುಕ್ಕಾಲಿಗೆ ಗುರುತು ಹಾಕಿಕೊಳ್ಳುತ್ತಾರೆ. ಯಾವ ಗುರುತಿನಲ್ಲಿ ಬೈಕು ಮುಗ್ಗರಿಸುತ್ತದೋ ಆ ಭಾಗವನ್ನಷ್ಟೇ ಮುಟ್ಟುವುದು ನಿಯಮ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮುಟ್ಟಿದವನಿಗೆ ಯಾವುದು ಕೆಲಸ ಮಾಡಿತೆಂಬುದು ಎಂದಿಗೂ ತಿಳಿಯದು.

ಆರಂಭ ಮೇನ್ ಜೆಟ್ಟಿನಿಂದ. ಅದೂ ಬೇಕೆಂದೇ ದೊಡ್ಡ ಸಂಖ್ಯೆಯಿಂದ. ಸಮೃದ್ಧ ಮಿಶ್ರಣದಿಂದ ಆಗುವ ಹಾನಿ ಹೊಗೆ, ಕರಿ, ಹಣದ ನಷ್ಟ ಇಷ್ಟೇ. ಬಡ ಮಿಶ್ರಣದಿಂದ ಹೊರಟರೆ ಮೊದಲ ಪರೀಕ್ಷೆಯೇ ಕೊನೆಯದಾಗಬಹುದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಆಕ್ಸಲರೇಟರ್ ಪೂರ್ತಿ ತೆರೆದಾಗ ಎಂಜಿನ್ ‘ಬುಡಬುಡ’ ಎಂದು ತಡವರಿಸಿ, ಉಬ್ಬಸಪಡುತ್ತ ಓಡಿದರೆ ಪೆಟ್ರೋಲು ಹೆಚ್ಚಾಗಿದೆ. ಒಂದೊಂದೇ ಸಂಖ್ಯೆ ಇಳಿಸುತ್ತ ಬಂದು ಆ ತಡವರಿಕೆ ಮಾಯವಾಗಿ ಸ್ವಚ್ಛವಾಗಿ ಎಳೆಯತೊಡಗಿದಾಗ ನಿಲ್ಲಿಸಬೇಕು. ಇನ್ನೂ ಒಂದು ಸಂಖ್ಯೆ ಇಳಿಸುವ ಆಸೆ ಹುಟ್ಟುವುದು ಇಲ್ಲಿಯೇ, ಏಕೆಂದರೆ ತುಸು ಬಡವಾದ ಮಿಶ್ರಣದಲ್ಲಿ ಬೈಕು ಚುರುಕಾಗಿಯೇ ಓಡುತ್ತದೆ. ಪೂರ್ತಿ ತೆರೆದ ಆಕ್ಸಲರೇಟರನ್ನು ಕೊಂಚ ಹಿಂದಕ್ಕೆ ಬಿಟ್ಟಾಗ ಬೈಕು ಇನ್ನಷ್ಟು ಬಲವಾಗಿ ಎಳೆದರೆ ಮೇನ್ ಜೆಟ್ ಚಿಕ್ಕದಾಯಿತೆಂದೇ ಅರ್ಥ. ಪರೀಕ್ಷೆಯ ಉದ್ದಕ್ಕೂ ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆ ಇರಲೇಬೇಕು.

ಖಾತ್ರಿಪಡಿಸಿಕೊಳ್ಳಲು ಸ್ಪಾರ್ಕ್ ಪ್ಲಗ್ ನೋಡುವ ಪದ್ಧತಿ ಇದೆ. ಹೊಸ ಪ್ಲಗ್ ಹಾಕಿ, ಪೂರ್ತಿ ವೇಗದಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಆ ಕ್ಷಣವೇ ಎಂಜಿನ್ ಆರಿಸಿ ಪ್ಲಗ್ ಬಿಚ್ಚಬೇಕು. ಐಡ್ಲಿಂಗ್‌ನಲ್ಲಿ ಮನೆತನಕ ಬಂದು ಬಿಚ್ಚಿದರೆ ಕಾಣುವುದು ಐಡ್ಲಿಂಗ್‌ನ ಬಣ್ಣವೇ ಹೊರತು ಹೆದ್ದಾರಿಯದಲ್ಲ. ಪಿಂಗಾಣಿಯ ಬುಡ ಕಾಫಿಪುಡಿಯ ಬಣ್ಣಕ್ಕಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದು ಅಲ್ಲಲ್ಲಿ ಅಲ್ಯೂಮಿನಿಯಂ ಚುಕ್ಕೆಗಳಿದ್ದರೆ ಪಿಸ್ಟನ್ ಕರಗುವ ಹಾದಿಯಲ್ಲಿದೆ. ಒದ್ದೆ ಕರಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಇಂದಿನ ಸೀಸರಹಿತ, ಎಥೆನಾಲ್ ಬೆರೆತ ಪೆಟ್ರೋಲು ಹಿಂದಿನಷ್ಟು ಗಾಢ ಬಣ್ಣ ಬಿಡುವುದಿಲ್ಲವಾದ್ದರಿಂದ ಪಿಂಗಾಣಿಯ ತುದಿಗಿಂತ ಒಳಗಿನ ಬುಡದ ಉಂಗುರವನ್ನೇ ಗಮನಿಸಬೇಕು.

ಬಳಿಕ ನೀಡಲ್. ಅದರ ತಲೆಯಲ್ಲಿ ಸಾಮಾನ್ಯವಾಗಿ ಐದು ಕಚ್ಚುಗಳಿದ್ದು, ಒಂದರಲ್ಲಿ ಪುಟ್ಟ ಕ್ಲಿಪ್ ಕೂತಿರುತ್ತದೆ. ಕ್ಲಿಪ್ಪನ್ನು ಕೆಳಗಿನ ಕಚ್ಚಿಗೆ ಇಳಿಸಿದರೆ ನೀಡಲ್ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ. ಮೇಲಿನ ಕಚ್ಚಿಗೆ ಏರಿಸಿದರೆ ತಗ್ಗುತ್ತದೆ. ಊರೊಳಗಿನ ಸವಾರಿಯ ಬಹುಪಾಲು ನಡೆಯುವುದು ಇದರ ಆಳ್ವಿಕೆಯಲ್ಲಿ. ನಡುವಿನ ಕಚ್ಚಿನಿಂದ ಆರಂಭಿಸಿ ಅರ್ಧ ಗುರುತಿನಲ್ಲಿ ಬೈಕು ಹೇಗೆ ಸ್ಪಂದಿಸುತ್ತದೆಂದು ನೋಡುವುದು ಕ್ರಮ. ಜೋಡಿಸುವಾಗ ಸ್ಲೈಡಿನ ಓರೆ ಕಡಿತ ಫಿಲ್ಟರಿನ ಕಡೆಗೇ ಮುಖ ಮಾಡಿರಲಿ. ಹಿಂದುಮುಂದಾಗಿ ಕೂರಿಸಿ ಇಡೀ ದಿನ ತಲೆ ಕೆಡಿಸಿಕೊಂಡವರು ಕಡಿಮೆಯೇನಲ್ಲ.

ಗ್ಯಾರೇಜಿನವರು ಮೊದಲು ಮುಟ್ಟುವ ಏರ್ ಸ್ಕ್ರೂವಿನ ಸರದಿ ಬರುವುದು ಕೊನೆಯಲ್ಲಿ. ಮಿಕುನಿ ವಿಎಂನಲ್ಲಿ ಇದು ಗಾಳಿಯನ್ನು ನಿಯಂತ್ರಿಸುವ ಸ್ಕ್ರೂ. ಬಿಚ್ಚಿದಷ್ಟೂ ಮಿಶ್ರಣ ಬಡವಾಗುತ್ತದೆ, ಬಿಗಿದಷ್ಟೂ ಸಮೃದ್ಧವಾಗುತ್ತದೆ. ಪೆಟ್ರೋಲನ್ನೇ ನಿಯಂತ್ರಿಸುವ ಸ್ಕ್ರೂ ಇರುವ ಬೇರೆ ಕಾರ್ಬುರೇಟರುಗಳಲ್ಲಿ ಇದರ ತಿರುವುಮುರುವು. ಗೊಂದಲ ಅಲ್ಲಿಂದಲೇ. ಹಗುರವಾಗಿ ಪೂರ್ತಿ ಬಿಗಿದು ಒಂದೂವರೆ ಸುತ್ತು ಹಿಂದಕ್ಕೆ ಬಿಚ್ಚಿ, ಬಿಸಿ ಎಂಜಿನ್ನಿನಲ್ಲಿ ಐಡ್ಲಿಂಗ್ ಅತಿ ಹೆಚ್ಚು ಏರುವ ಜಾಗವನ್ನು ಹುಡುಕಬೇಕು. ಆಮೇಲೆ ಸ್ಲೈಡ್ ತಡೆಯುವ ದೊಡ್ಡ ಸ್ಕ್ರೂವಿನಿಂದ ವೇಗ ತಗ್ಗಿಸಿಕೊಳ್ಳಬೇಕು. ಆ ಜಾಗ ಎರಡೂವರೆ ಸುತ್ತಿಗಿಂತ ಆಚೆಗೆ ಹೋದರೆ ಪೈಲಟ್ ಜೆಟ್ ದೊಡ್ಡದಾಗಿದೆ. ಅರ್ಧ ಸುತ್ತಿಗೂ ಮೊದಲೇ ಸಿಕ್ಕರೆ ಚಿಕ್ಕದಾಗಿದೆ. ಜೆಟ್ ಕಟ್ಟಿಕೊಂಡರೆ ಕ್ಲಚ್ ಕೇಬಲ್ಲಿನ ಎಳೆಯಿಂದ ಚುಚ್ಚುವ ಅಭ್ಯಾಸ ಎಲ್ಲ ಊರಿನಲ್ಲಿಯೂ ಇದೆ. ಹಿತ್ತಾಳೆ ಮೆದು, ಉಕ್ಕಿನ ಎಳೆ ಗಡುಸು. ಮೂರ್ನಾಲ್ಕು ಸಲ ಚುಚ್ಚಿದ ಜೆಟ್ಟಿನ ಮೇಲೆ ಬರೆದಿರುವ ಸಂಖ್ಯೆ ಆಮೇಲೆ ಸುಳ್ಳೇ.

ಕಿಕ್ಕಿನ ಅಭ್ಯಾಸವನ್ನೂ ಬದಲಿಸಿಕೊಳ್ಳಬೇಕು. ಜಿಕೋವ್‌ನಲ್ಲಿ ಟಿಕ್ಲರ್ ಒತ್ತಿ ಪೆಟ್ರೋಲು ಉಕ್ಕಿಸಿ, ಆಕ್ಸಲರೇಟರ್ ಕೊಂಚ ಕೊಟ್ಟು ಒದೆಯುವುದು ರೂಢಿ. ಮಿಕ್‌ಕಾರ್ಬಿನ ಚೋಕ್ ಕೆಲಸ ಮಾಡುವುದು ಆಕ್ಸಲರೇಟರ್ ಪೂರ್ತಿ ಮುಚ್ಚಿದ್ದಾಗ ಮಾತ್ರ. ಹಳೆಯ ಕೈ ರೂಢಿಯಂತೆ ತಿರುಗಿಸಿದರೆ ಚೋಕಿನ ಸೆಳೆತವೇ ಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಹತ್ತು ಕಿಕ್ ಹೊಡೆದು ಬೆವರಿದವರು ದೂರಬೇಕಾದುದು ಕಾರ್ಬುರೇಟರನ್ನಲ್ಲ.

ಬಂಕಿನಲ್ಲಿ ಬದಲಾದ ಲೆಕ್ಕ

ಇಷ್ಟೆಲ್ಲವನ್ನೂ ಹತ್ತು ವರ್ಷಗಳ ಹಿಂದೆಯೇ ಸರಿಯಾಗಿ ಮಾಡಿಸಿಕೊಂಡವರೂ ಈಗ ನಿಶ್ಚಿಂತರಲ್ಲ. ದೇಶದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ 2022ರಲ್ಲಿ ಶೇ 10 ತಲುಪಿತ್ತು, 2025ರಲ್ಲಿ ಶೇ 20ಕ್ಕೇರಿತು. ಒಂದು ಕಿಲೋ ಎಥೆನಾಲ್ ಉರಿಯಲು ಬೇಕಾಗುವ ಗಾಳಿ ಸುಮಾರು 9 ಕಿಲೋ ಮಾತ್ರ. ಶೇ 20 ಮಿಶ್ರಣದಲ್ಲಿ ಈ ಅನುಪಾತ 14.7ರಿಂದ 13.5ರ ಸುಮಾರಿಗೆ ಇಳಿಯುತ್ತದೆ. ಸರಳವಾಗಿ ಹೇಳುವುದಾದರೆ, ಅದೇ ಗಾಳಿಗೆ ಮೊದಲಿಗಿಂತ ಶೇ 9ರಷ್ಟು ಹೆಚ್ಚು ಇಂಧನ ಬೇಕು. ಹೊಸ ವಾಹನಗಳಲ್ಲಿ ಸೆನ್ಸರ್‌ಗಳು ಇದನ್ನು ಅಳೆದು ತಾವೇ ಸರಿಪಡಿಸಿಕೊಳ್ಳುತ್ತವೆ. ಹಿತ್ತಾಳೆಯ ಜೆಟ್ಟಿಗೆ ಆ ಬುದ್ಧಿಯಿಲ್ಲ. ಹಿಂದಿನ ಪೆಟ್ರೋಲಿಗೆ ಹೊಂದಿಸಿದ್ದ ಬೈಕು, ಯಾರೂ ಮುಟ್ಟದಿದ್ದರೂ, ಬಂಕಿನಲ್ಲಿಯೇ ಬಡವಾಯಿತು. ಎಥೆನಾಲ್ ಆವಿಯಾಗುವಾಗ ಹೆಚ್ಚು ಶಾಖ ಹೀರಿ ಕೊಂಚ ತಂಪು ನೀಡುವುದು ನಿಜ. ಆದರೆ ಕೊರತೆಯಾದ ಇಂಧನಕ್ಕೆ ಅದು ಪರ್ಯಾಯವಲ್ಲ. ಮೊದಲೇ ಅಂಚಿನಲ್ಲಿದ್ದ ಬೈಕುಗಳಿಗೆ ಮೇನ್ ಜೆಟ್ಟನ್ನು ಒಂದೆರಡು ಸಂಖ್ಯೆ ಏರಿಸಿ, ನೀಡಲಿನ ಕ್ಲಿಪ್ ಒಂದು ಕಚ್ಚು ಇಳಿಸಿ ಮತ್ತೊಮ್ಮೆ ಪ್ಲಗ್ ನೋಡುವುದು ಈಗ ಅನಿವಾರ್ಯ. ಮೈಲೇಜ್ ತುಸು ಇಳಿದೀತು. ಆ ದೂರು ಕಾರ್ಬುರೇಟರಿನ ಮೇಲಲ್ಲ.

ಎಥೆನಾಲ್ ನೀರನ್ನು ಹೀರುವ ಗುಣದ್ದು. ಹಳೆಯ ರಬ್ಬರ್ ಪೈಪು, ಫ್ಲೋಟ್ ಸೂಜಿಯ ತುದಿ, ತುಕ್ಕು ಹಿಡಿಯುವ ಟ್ಯಾಂಕು ಇವು ಅದಕ್ಕೆ ಸುಲಭದ ತುತ್ತು. ವಾರಗಟ್ಟಲೆ ನಿಲ್ಲಿಸುವ ಬೈಕಿನಲ್ಲಿ ಬಟ್ಟಲಿನ ಪೆಟ್ರೋಲು ಆವಿಯಾಗಿ ಆಯಿಲ್ ಮಾತ್ರ ಉಳಿದು ಪೈಲಟ್ ಜೆಟ್ಟಿಗೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ನಿಲ್ಲಿಸುವ ಮುನ್ನ ಕಾಕ್ ಮುಚ್ಚಿ, ಬಟ್ಟಲಿನ ತಳದ ಸ್ಕ್ರೂ ಬಿಚ್ಚಿ ಖಾಲಿ ಮಾಡಿದರೆ ಸಾಕು.

ಘಟ್ಟ ಇಳಿಯುವಾಗ

ಕರ್ನಾಟಕದ ಸವಾರನಿಗೆ ಇನ್ನೊಂದು ಪರೀಕ್ಷೆ ಭೂಗೋಳವೇ ಒಡ್ಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ತೆಳು ಗಾಳಿಗೆ ಹೊಂದಿಸಿದ ಬೈಕನ್ನು ದಟ್ಟ ಗಾಳಿಯ ಕರಾವಳಿಗೆ ಒಯ್ದಾಗ ಮಿಶ್ರಣ ಇನ್ನಷ್ಟು ಬಡವಾಗುತ್ತದೆ. ವ್ಯತ್ಯಾಸ ದೊಡ್ಡದಲ್ಲ, ಆದರೆ ಬೆಂಗಳೂರಿನಲ್ಲಿಯೇ ಮೈಲೇಜಿಗಾಗಿ ಕೊನೆಯ ಅಂಚಿಗೆ ಎಳೆದಿಟ್ಟ ಬೈಕಿಗೆ ಅಷ್ಟೇ ಸಾಕು. ಕರಾವಳಿಯಿಂದ ಮಡಿಕೇರಿಗೆ ಏರುವವರಿಗೆ ಇದರ ಉಲ್ಟಾ. ಬೈಕು ತುಸು ಉಬ್ಬಸಪಟ್ಟೀತು, ಅಪಾಯವಿಲ್ಲ.

ಘಟ್ಟದ ಇಳಿಜಾರಿನ ಅಪಾಯ ಬೇರೆಯದು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗೇರಿನಲ್ಲಿಟ್ಟು, ಆಕ್ಸಲರೇಟರ್ ಪೂರ್ತಿ ಮುಚ್ಚಿ ಮೈಲುಗಟ್ಟಲೆ ಇಳಿಯುವಾಗ ಚಕ್ರ ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಿರುತ್ತದೆ. ಮುಚ್ಚಿದ ಕಾರ್ಬುರೇಟರಿನಿಂದ ಪೆಟ್ರೋಲು ಬರುವುದು ಅತ್ಯಲ್ಪ. ಪೆಟ್ರೋಲಿಲ್ಲವೆಂದರೆ ಆಯಿಲೂ ಇಲ್ಲ. ಬುಲೆಟ್ ಸವಾರನಿಗೆ ಒಗ್ಗಿದ ಎಂಜಿನ್ ಬ್ರೇಕಿಂಗ್ ಯೆಜ್ಡಿಗೆ ಒಗ್ಗದಿರುವುದು ಈ ಕಾರಣಕ್ಕೇ. ಆಗಾಗ ಕ್ಲಚ್ ಹಿಡಿದು ಆಕ್ಸಲರೇಟರನ್ನು ಒಮ್ಮೆ ತೆರೆದು ಬಿಡುವುದು ಹಿಂದಿನವರ ಪಾಠ. ಕಾರಣ ಗೊತ್ತಿಲ್ಲದೆಯೂ ಅನೇಕರು ಅದನ್ನು ಪಾಲಿಸುತ್ತ ಬಂದಿದ್ದಾರೆ. ಆಗ ಬ್ರೇಕಿನ ಮೇಲೆ ಹೊರೆ ಹೆಚ್ಚುವುದರಿಂದ ಹಳೆಯ ಡ್ರಮ್ ಬ್ರೇಕು ಸುಸ್ಥಿತಿಯಲ್ಲಿರಬೇಕಾದುದೂ ಅಷ್ಟೇ ಮುಖ್ಯ.

ಹಾಗೆಂದು ಪೆಟ್ರೋಲು ಸುರಿದು ಹೊಗೆಯೆಬ್ಬಿಸುವುದಕ್ಕೆ ಪರವಾನಗಿಯಿಲ್ಲ. 2000ದ ಮಾರ್ಚ್ 31ಕ್ಕೆ ಮೊದಲು ತಯಾರಾದ ದ್ವಿಚಕ್ರ ವಾಹನಗಳಿಗೆ ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ ಮಿತಿಯಿದೆ. ಹೊಸ ವಾಹನಗಳಿಗೆ ಹೋಲಿಸಿದರೆ ಉದಾರವೆನ್ನಬಹುದಾದ ಮಿತಿ. ತಪಾಸಣೆ ನಡೆಯುವುದು ಐಡ್ಲಿಂಗ್‌ನಲ್ಲಿ; ಅಂದರೆ ಏರ್ ಸ್ಕ್ರೂವಿನ ವ್ಯಾಪ್ತಿಯಲ್ಲಿ. ಪೈಲಟ್ ಜೆಟ್ ಸರಿಯಾಗಿದ್ದರೆ, ದೊಡ್ಡ ಮೇನ್ ಜೆಟ್ ಇಟ್ಟುಕೊಂಡೂ ಸುಸ್ಥಿತಿಯ ಯೆಜ್ಡಿ ಇದರಲ್ಲಿ ತೇರ್ಗಡೆಯಾಗಬಲ್ಲದು. ಪ್ರಮಾಣಪತ್ರಕ್ಕಾಗಿ ಮೇನ್ ಜೆಟ್ ಚಿಕ್ಕದು ಮಾಡುವವರು ತಪಾಸಣೆಗೆ ಸಂಬಂಧವೇ ಇಲ್ಲದ ಭಾಗವನ್ನು ಹಾಳುಗೆಡವುತ್ತಾರೆ.

ಹೊಂದಾಣಿಕೆ ಕೂಡಿಬಂದ ದಿನ ಮೇನ್ ಜೆಟ್, ಪೈಲಟ್ ಜೆಟ್ ಸಂಖ್ಯೆ, ನೀಡಲಿನ ಕಚ್ಚು, ಸ್ಕ್ರೂವಿನ ಸುತ್ತು ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಬೈಕಿನ ಟೂಲ್ ಬಾಕ್ಸಿನಲ್ಲಿ ಇಡುವವರಿದ್ದಾರೆ. ಅದರ ಜೊತೆಗೆ ಒಂದು ಸಂಖ್ಯೆ ದೊಡ್ಡದಾದ ಮೇನ್ ಜೆಟ್, ಹೊಸ ಪ್ಲಗ್, ಪ್ಲಗ್ ಸ್ಪ್ಯಾನರ್ ಇದ್ದರೆ ಮಂಗಳೂರಿನ ದಾರಿಯಲ್ಲಿ ಸಕಲೇಶಪುರ ದಾಟುವ ಮುನ್ನ ಕಾಫಿಗೆ ನಿಂತ ಹೊತ್ತಿನಲ್ಲಿ, ಎಂಜಿನ್ ತಣ್ಣಗಾದ ಮೇಲೆ, ಹತ್ತು ನಿಮಿಷದಲ್ಲಿ ಬದಲಿಸಿಕೊಳ್ಳಬಹುದು.